ಅಕ್ಕನ ಕತ್ತರಿಗೊಂದು ಹಿಡಿಕೆ

ರಾಯಚೂರಿನ ಆ ಕಾರ್ಯಾಗಾರದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದರು: ‘ಕೈಯಾರೆ ಮಾಡಿ ಕಲಿಯಿರಿ.’ ಅದರ ಕೆಳಗೆ, ಯಂತ್ರಗಳ ಮುಂದೆ, ಈ ಗೋಡೆಯಿಂದ ಆ ಗೋಡೆಗೆ ಒಂದು ಕೆಂಪು ಹಗ್ಗ ಕಟ್ಟಿದ್ದರು. ಹಗ್ಗಕ್ಕೆ ನೇತುಹಾಕಿದ ರಟ್ಟಿನ ಮೇಲೆ ‘ದಯವಿಟ್ಟು ಮುಟ್ಟಬೇಡಿ’ ಎಂದಿತ್ತು. ಎರಡೂ ಒಂದೇ ಕೈಬರಹ. ಬರೆದ ಪುಣ್ಯಾತ್ಮನಿಗೆ ಒಂದನ್ನು ಬರೆಯುವಾಗ ಇನ್ನೊಂದು ನೆನಪಾಗಲಿಲ್ಲವೇ ಎಂದು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಕೇಳಿಕೊಂಡಾಗಲೆಲ್ಲ ಸಿಟ್ಟು ಬರುತ್ತದೆ.

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿಕೊಳ್ಳುತ್ತೇನೆ. ದೇವದುರ್ಗದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ‘ಬ್ಲೌಸು ಚಲೋ ಹೊಲೀತಾಳ, ಆದ್ರ ಆಕಿ ಕತ್ತರಿಗಿಂತ ಆಕಿ ಬಾಯಿನೇ ಹರಿತ’ ಎಂದು ನನ್ನ ಗಿರಾಕಿಗಳು ನನ್ನ ಮುಂದೆಯೇ ಹೇಳುತ್ತಾರೆ. ಹೇಳಲಿ. ಆ ಬಾಯಿ ಇಲ್ಲದಿದ್ದರೆ ಈ ಕಥೆ ಹಗ್ಗದ ಈಚೆಯೇ ಮುಗಿದುಹೋಗುತ್ತಿತ್ತು.

ಆ ಕಾರ್ಯಾಗಾರವನ್ನು ಊರಿನ ಎಲ್ಲರಿಗೂ ಸೇರಿದ್ದು ಎಂದು ಹೇಳಿ ತೆರೆದಿದ್ದರು. ಕಂಪ್ಯೂಟರಿನಲ್ಲಿ ಒಂದು ಆಕಾರ ಬರೆದುಕೊಟ್ಟರೆ ಅದನ್ನು ಪ್ಲೈವುಡ್ಡಿನ ಹಲಗೆಯಲ್ಲಿ ಬೆಳಕಿನಿಂದಲೇ ಸುಟ್ಟು ಕತ್ತರಿಸುವ ಲೇಸರ್ ಯಂತ್ರ ಅಲ್ಲಿತ್ತು. ಪ್ಲಾಸ್ಟಿಕ್ಕಿನ ದಾರವನ್ನು ಕರಗಿಸಿ, ಪದರದ ಮೇಲೆ ಪದರ ಇಟ್ಟು ಬೊಂಬೆ, ಡಬ್ಬಿ, ಚಕ್ರ ಕಟ್ಟುವ ಇನ್ನೊಂದು ಯಂತ್ರವಿತ್ತು. ಮೂರು ತಿಂಗಳ ತರಬೇತಿ, ಪ್ರತಿ ಶನಿವಾರ, ಹೆಂಗಸರಿಗೆ ಮೊದಲ ಜಾಗ ಎಂದು ನಮ್ಮ ಮಹಿಳಾ ಸಂಘದಲ್ಲಿ ಓದಿ ಹೇಳಿದಾಗ ಮೊದಲು ಕೈ ಎತ್ತಿದವಳು ನಾನು. ನನಗೆ ಸರ್ಟಿಫಿಕೇಟು ಬೇಕಿರಲಿಲ್ಲ. ನನಗೆ ಬೇಕಾಗಿದ್ದುದು ಒಂದೇ ಒಂದು ವಸ್ತು, ಅಕ್ಕನ ಕತ್ತರಿಗೆ ಒಂದು ಹಿಡಿಕೆ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮನೆ ಕುರ್ಡಿಯಲ್ಲಿ, ಹೊಲಿಗೆ ಅಂಗಡಿ ಮಾನ್ವಿಯಲ್ಲಿ. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅಳತೆಯ ಪಟ್ಟಿ ಅವಳ ಕೊರಳಲ್ಲಿ ಇರುತ್ತಿದ್ದುದು ಬರೀ ಶೋಭೆಗೆ. ಹೆಂಗಸು ಬಾಗಿಲಲ್ಲಿ ಬಂದು ನಿಂತರೆ ಸಾಕು, ಎದೆ ಎಷ್ಟು, ತೋಳು ಎಷ್ಟು, ಎಡಭುಜ ಎಷ್ಟು ಇಳಿದಿದೆ ಎಂಬುದೆಲ್ಲ ಅವಳ ಕಣ್ಣಿಗೆ ಬಿದ್ದುಬಿಡುತ್ತಿತ್ತು. ಸೀಮೆಸುಣ್ಣದ ಗೆರೆ ಎಳೆಯದೆ ಕತ್ತರಿಸುತ್ತಿದ್ದಳು. ಅವಳು ಕತ್ತರಿಸಿದ ಬ್ಲೌಸು ಕಂಕುಳಲ್ಲಿ ಎಳೆಯುತ್ತಿರಲಿಲ್ಲ, ಬೆನ್ನಲ್ಲಿ ಉಬ್ಬುತ್ತಿರಲಿಲ್ಲ. ನನಗೆ ಕತ್ತರಿ ಹಿಡಿಯಲು ಕಲಿಸಿದವಳೂ ಅವಳೇ. ಅವಳು ಮೊದಲು ಕಲಿಸಿದ ಪಾಠ ಕತ್ತರಿಸುವುದಲ್ಲ. ‘ಬರೀ ಕತ್ತರಿ ಆಡಸಬ್ಯಾಡ, ಮನ್ಯಾಗ ಜಗಳ ಬರ್ತದ’ ಎಂಬುದು. ಬಾಯಿಯ ನಡುವೆ ಬಟ್ಟೆಯೋ ಕಾಗದವೋ ಇಲ್ಲದೆ ಕತ್ತರಿಯನ್ನು ತೆರೆದು ಮುಚ್ಚಿದರೆ ಅವಳು ನನ್ನ ಕೈಯ ಮೇಲೆ ಅಳತೆಕೋಲಿನಿಂದ ಹೊಡೆಯುತ್ತಿದ್ದಳು. ನಮ್ಮ ಕಡೆಯ ಹೊಲಿಗೆಯವರು ಈ ಒಂದು ಮಾತನ್ನು ಮೀರುವುದಿಲ್ಲ.

ಎರಡು ವರ್ಷದ ಹಿಂದೆ ಮನೆಯಲ್ಲಿ ಎಮ್ಮೆಗೆ ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟು ಕೊಡುವಾಗ ಅವಳ ಬಲಗೈಯ ಹೆಬ್ಬೆರಳು ಬುಡಸಮೇತ ಹೋಯಿತು. ನೋಡಲು ಬಂದವರೆಲ್ಲ ‘ನಾಕು ಬಳ್ಳು ಉಳದಾವಲ್ಲ, ದೇವ್ರು ದೊಡ್ಡಾವ’ ಎಂದರು. ದೇವರು ದೊಡ್ಡವನೇ ಇರಬಹುದು, ಆದರೆ ಅವನು ಕತ್ತರಿ ಹಿಡಿದವನಲ್ಲ. ನಾಲ್ಕು ಬೆರಳು ಕೆಳಗಿನ ಅಲಗನ್ನು ಹಿಡಿದುಕೊಳ್ಳುತ್ತವೆ, ಅಷ್ಟೆ. ಮೇಲಿನ ಅಲಗನ್ನು ಎತ್ತುವುದು, ಇಳಿಸುವುದು, ತಿರುವಿನಲ್ಲಿ ಸಾವಕಾಶ ಮಾಡುವುದು ಎಲ್ಲ ಹೆಬ್ಬೆರಳಿನ ಕೆಲಸ. ಎಡಗೈಯಲ್ಲಿ ಒಂದು ತಿಂಗಳು ಹೆಣಗಿದಳು. ಬಲಗೈಗೆಂದು ಮಾಡಿದ ಕತ್ತರಿ ಎಡಗೈಯಲ್ಲಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಕೊನೆಗೆ ತನ್ನ ಹತ್ತು ಇಂಚಿನ ಕತ್ತರಿಯನ್ನು ಒಂದು ಹಳೆಯ ಬ್ಲೌಸ್ ಪೀಸಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಅಂಗಡಿಯ ಬಾಗಿಲು ಹಾಕಿದಳು. ಆಮೇಲೆ ನಾನು ಕತ್ತರಿಸಿ ಹೊಲಿದು ತಂದುಕೊಟ್ಟ ಬ್ಲೌಸುಗಳಿಗೆ ಎಡಗೈಯಲ್ಲಿ ಹುಕ್ಕು ಹಾಕಿಕೊಡುತ್ತಿದ್ದಳು. ಬ್ಲೌಸು ಸುರುಳಿ ಬಿಚ್ಚಿ ನೋಡಿ, ‘ಕಂಕುಳದಾಗ ಎಳೀತದಲೇ ಇದು’ ಎಂದು ಅನ್ನುವಳು. ಅಷ್ಟು ಹೇಳಿ ಸೂಜಿಗೆ ದಾರ ಪೋಣಿಸಿಕೊಳ್ಳುವಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಅವಳು ಈ ವಿದ್ಯೆ ಕಲಿತ ಬಗೆಯನ್ನೂ ಹೇಳಬೇಕು. ನಮ್ಮಪ್ಪ ಅವ್ವ ಮಾನ್ವಿಯಲ್ಲಿ ಕೂಲಿ ಮಾಡುತ್ತಿದ್ದರು. ನಮ್ಮ ಓಣಿಯವರನ್ನು ಹೊಸ್ತಿಲು ದಾಟಿಸಿ ಒಳಗೆ ಕೂರಿಸುವ ಜನ ಆಗ ಕಡಿಮೆ ಇದ್ದರು. ಒಬ್ಬ ಟೇಲರು ದೊಡ್ಡ ಮನಸ್ಸು ಮಾಡಿ ಅಕ್ಕನಿಗೆ ಕಲಿಸಲು ಒಪ್ಪಿದ. ಕರಾರು ಏನೆಂದರೆ ಅವಳು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ನೋಡಬೇಕು. ‘ನೋಡಿ ಕಲೀಬೇ, ಗಿರಾಕಿ ಬಟ್ಟಿ ಮಾತ್ರ ಮುಟ್ಟಬ್ಯಾಡ’ ಎಂದನಂತೆ. ಒಂದು ವರ್ಷ ಬಿಸಿಲಿನಲ್ಲಿ ಕುಳಿತು ನೋಡಿದಳು. ನೋಡಿದ್ದನ್ನು ಮನೆಗೆ ಬಂದು ಹಳೆಯ ಪೇಪರಿನ ಮೇಲೆ ಬ್ಲೇಡಿನಿಂದ ಕತ್ತರಿಸುತ್ತಿದ್ದಳು. ನಾನು ಆ ಪೇಪರಿನ ಬ್ಲೌಸುಗಳನ್ನು ಹಾಕಿಕೊಂಡು ಓಣಿಯಲ್ಲಿ ಕುಣಿಯುತ್ತಿದ್ದೆ. ಅವಳ ಕಣ್ಣಳತೆಯನ್ನು ಹೊಗಳುವವರಿಗೆ ಅದು ಎಲ್ಲಿಂದ ಬಂತು ಎಂಬುದು ಗೊತ್ತಿಲ್ಲ. ಮುಟ್ಟಲು ಬಿಡದಿದ್ದವರಿಂದ ಬಂತು. ಹಾಗಾಗಿ ‘ಮುಟ್ಟಬೇಡಿ’ ಎಂಬ ಮಾತನ್ನು ಎಷ್ಟೇ ದಯವಿಟ್ಟು ಸೇರಿಸಿ ಬರೆದರೂ ನನಗೆ ಆ ಬಿಸಿಲೇ ನೆನಪಾಗುತ್ತದೆ.

ಹೀಗಿರುವ ನಾನು ಗಬ್ಬೂರಿನ ದಾರಿಯ ಬಸ್ಸು ಹಿಡಿದು ಪ್ರತಿ ಶನಿವಾರ ರಾಯಚೂರಿಗೆ ಹೋಗಿ ಆ ಕೆಂಪು ಹಗ್ಗದ ಈಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಿದ್ದೆ. ನಾವು ಹನ್ನೆರಡು ಮಂದಿ ಹೆಂಗಸರು. ತರಬೇತಿ ಕೊಡುವವನು ಓದಿಕೊಂಡ ಹುಡುಗ, ನನ್ನ ತಮ್ಮನ ವಯಸ್ಸಿನವನು. ನಾವು ಅವನನ್ನು ಸರ್ ಎನ್ನುತ್ತಿದ್ದೆವು, ಅವನು ನಮ್ಮನ್ನು ಅಕ್ಕಾರ ಎನ್ನುತ್ತಿದ್ದ. ಕೆಟ್ಟವನೇನಲ್ಲ. ಊಟ ಆಯಿತೇ ಎಂದು ಕೇಳುತ್ತಿದ್ದ, ಫ್ಯಾನು ನಮ್ಮ ಕಡೆ ತಿರುಗಿಸುತ್ತಿದ್ದ. ಗೋಡೆಯ ಮೇಲೆ ಚಿತ್ರ ಬಿಟ್ಟು ಪರದೇಶದ ಯಂತ್ರಗಳನ್ನು ತೋರಿಸುತ್ತಿದ್ದ. ಆಮೇಲೆ ಹಗ್ಗದ ಆಚೆ ಹೋಗಿ ತಾನೇ ಯಂತ್ರ ಹಚ್ಚಿ, ಕೀಲಿಕೈಗೆ ಸಿಕ್ಕಿಸುವ ಒಂದು ನವಿಲನ್ನು ಕತ್ತರಿಸಿ, ಅದನ್ನು ನಮ್ಮ ಕೈಗೆ ಕೊಡುತ್ತಿದ್ದ. ನವಿಲು ಕೈಯಿಂದ ಕೈಗೆ ಹೋಗಿ ಮತ್ತೆ ಅವನ ಜೇಬಿಗೆ ಹೋಗುತ್ತಿತ್ತು. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ.

ಮೂರನೆಯ ಶನಿವಾರ ನಾನು ಎದ್ದು ನಿಂತೆ. “ಸರ್, ನಾ ಒಂದು ಸಾಮಾನು ಮಾಡಬೇಕ್ರಿ. ನಮ್ಮಕ್ಕಗ ಹೆಬ್ಬಳ್ಳಿಲ್ಲ. ಕತ್ತರಿ ಮ್ಯಾಲ ಅಂಗೈ ಇಟ್ಟು ಒತ್ತೂ ಹಂಗ ಒಂದು ಹಿಡಿಕಿ ಬೇಕು. ಯಂತ್ರ ಯಾವಾಗ ಕೊಡ್ತೀರಿ?”

“ಹೆಬ್ಬಳ್ಳು ಏನಾತ್ರಿ?” ಎಂದ.

“ಮೇವಿನ ಮಷೀನಿಗೆ ಹೋತ್ರಿ.”

ಅವನು ಉಳಿದ ಹನ್ನೊಂದು ಮಂದಿಯ ಕಡೆ ತಿರುಗಿದ. “ಕೇಳಿದ್ರೇನ್ರಿ? ಇದಕ್ಕ ನಾ ಹೇಳೂದು, ಮುಟ್ಟಬ್ಯಾಡ್ರಿ ಅಂತ. ಒಂದು ನಿಮಿಷ ಲಕ್ಷ್ಯ ತಪ್ಪಿತು ಅಂದ್ರ ಬಳ್ಳೇ ಹೋಗ್ತಾವ. ನಿಮ್ಮ ಸುರಕ್ಷಾಕ್ಕ ಹೇಳಾಕತ್ತೀನಿ. ಪುಕ್ಕಟೆ ಬಸ್ಸಿನಾಗ ಬಂದೀರಿ, ನೋಡ್ರಿ, ತಿಳ್ಕೊಳ್ರಿ, ಆರಾಮ ಮನಿಗೆ ಹೋಗ್ರಿ.”

ಎಲ್ಲರೂ ತಲೆಯಾಡಿಸಿದರು. ನನ್ನ ಪಿತ್ತ ನೆತ್ತಿಗೇರಿತು. ನನ್ನ ಅಕ್ಕನ ಹೋದ ಬೆರಳನ್ನು ಎತ್ತಿಕೊಂಡು, ಅದರಿಂದಲೇ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ್ದ ಅವನು. ಲೇಸರ್ ಯಂತ್ರ ಹುಡುಗಾಟವಲ್ಲ ಎಂಬುದು ನನಗೂ ಗೊತ್ತು. ಹೊಲಿಗೆ ಯಂತ್ರದ ಸೂಜಿ ನನ್ನ ತೋರುಬೆರಳ ಉಗುರಿನೊಳಗೆ ಇಳಿದು ಮುರಿದದ್ದಿದೆ. ಆದರೆ ಹಾಗಾದ ಮರುದಿನ ಅಕ್ಕ ನನ್ನನ್ನು ಯಂತ್ರದಿಂದ ದೂರ ಕೂರಿಸಲಿಲ್ಲ. ಬೆರಳು ಎಲ್ಲಿಡಬೇಕು ಎಂದು ಎರಡನೆಯ ಸಲ ತೋರಿಸಿದಳು. ಅಲ್ಲದೆ ಈ ಬಸ್ಸಿನ ಮಾತು ಬೇರೆ! ಬಸ್ಸು ಪುಕ್ಕಟೆ ಇರಬಹುದು, ನನ್ನ ಶನಿವಾರ ಪುಕ್ಕಟೆಯಲ್ಲ. ಶನಿವಾರ ದೇವದುರ್ಗದ ಸಂತೆ, ಗಿರಾಕಿಗಳು ಬರುವ ದಿನ. ಅಂಗಡಿ ಮುಚ್ಚಿ ಬರುತ್ತಿದ್ದೆ.

ಇಷ್ಟೆಲ್ಲ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವತ್ತು ನುಂಗಿಕೊಂಡೆ. ಜಗಳ ಮಾಡಿದರೆ ಹೊರಗೆ ಹಾಕುತ್ತಾರೆ, ಹೊರಗೆ ಹಾಕಿದರೆ ಹಿಡಿಕೆ ಆಗುವುದಿಲ್ಲ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ನಾನು ಬುದ್ಧಿ ಕೇಳಿದ್ದು ಅದೇ ಕೊನೆ.

ಆ ಕಾರ್ಯಾಗಾರದಲ್ಲಿ ಕಸ ಗುಡಿಸಲು ಒಬ್ಬ ಮುದುಕಿ ಬರುತ್ತಿದ್ದಳು. ಚಂದ್ರಬಂಡದ ಕಡೆಯವಳು. ಊಟದ ಬಿಡುವಿನಲ್ಲಿ ಒಂದು ದಿನ ಎಲ್ಲರೂ ಹೊರಗಿದ್ದಾಗ ನೋಡುತ್ತೇನೆ, ಆ ಮುದುಕಿ ಹಗ್ಗದ ಅಡಿಯಲ್ಲಿ ನುಸುಳಿ, ಲೇಸರ್ ಯಂತ್ರದ ಮುಚ್ಚಳ ಎತ್ತಿ, ಒಳಗೆಲ್ಲ ಒರೆಸುತ್ತಿದ್ದಾಳೆ. ನನಗೆ ಆಶ್ಚರ್ಯ.

“ಯವ್ವಾ, ಅದನ್ನ ಮುಟ್ಟಬ್ಯಾಡ ಅಂತಾರಲ್ಲ?”

“ಅಯ್ಯ, ನಾ ದಿನಾ ಮುಟ್ತೀನಿ ನೋಡವ್ವ. ಒರಸಾಕ ಮುಟ್ಟಿದ್ರ ಯಾರೂ ಬ್ಯಾಡ ಅನ್ನಂಗಿಲ್ಲ.”

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಕೊಂಕಿನಿಂದಲೂ ಹೇಳಲಿಲ್ಲ. ಬಿಸಿಲು ಜೋರಿದೆ ಎಂದಷ್ಟೇ ಸಹಜವಾಗಿ ಹೇಳಿದಳು. ಸಿಟ್ಟೆಲ್ಲ ನನಗೇ ಬಂತು. ನಾನು ಅವಳ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡು ನುಸುಳಿ ಒಳಗೆ ಹೋದೆ. ಒರೆಸುವ ನೆವದಲ್ಲಿ ಆ ಯಂತ್ರದ ಮೈಯನ್ನೆಲ್ಲ ನೋಡಿದೆ. ಕನ್ನಡಿ ಎಲ್ಲಿದೆ, ಬೆಳಕು ಎಲ್ಲಿಂದ ಇಳಿಯುತ್ತದೆ, ಹಲಗೆ ಎಲ್ಲಿ ಕೂರುತ್ತದೆ ಎಲ್ಲ ಗೊತ್ತಾಯಿತು. ಮುಂದಿನ ಎರಡು ಶನಿವಾರ ಊಟ ಬಿಟ್ಟು ಒರೆಸಿದೆ. ತರಬೇತುದಾರ ಒಮ್ಮೆ ಒಳಗೆ ಬಂದು ನನ್ನನ್ನು ನೋಡಿದ. ಕೈಯಲ್ಲಿ ಬಟ್ಟೆ ಇತ್ತಲ್ಲ, ಏನೂ ಅನ್ನದೆ ಹೋದ. ಗುಂಡಿ ಒತ್ತಲು ಬಂದ ಹೆಂಗಸಿಗೆ ಹಗ್ಗ, ಧೂಳು ಒರೆಸಲು ಬಂದ ಹೆಂಗಸಿಗೆ ಹಾದಿ. ಇದನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ ನಾನು ಕಾಣೆ.

ಆರನೆಯ ಶನಿವಾರ ಹಗ್ಗ ಇರಲಿಲ್ಲ. ಮೇಲಿನಿಂದ ಅತಿಥಿಗಳು ಬರುವವರಿದ್ದರು. ತರಬೇತುದಾರ ಬೆಳಿಗ್ಗೆಯಿಂದ ಓಡಾಡುತ್ತಿದ್ದ. ನಮ್ಮಲ್ಲಿ ಸ್ವಲ್ಪ ಎತ್ತರ ಇದ್ದವಳು ನಾನು. ನನ್ನ ಕೊರಳಿಗೆ ಏಪ್ರನ್ ಕಟ್ಟಿಸಿ, ಕಣ್ಣಿಗೆ ಕನ್ನಡಕ ಹಾಕಿಸಿ, ಲೇಸರ್ ಯಂತ್ರದ ಪಕ್ಕ ನಿಲ್ಲಿಸಿದ. “ಅಕ್ಕಾರ, ಈ ಹಸಿರು ಗುಂಡಿ ಮ್ಯಾಲ ಬಳ್ಳಿಡ್ರಿ. ಒತ್ತಬ್ಯಾಡ್ರಿ ಮತ್ತ, ಬರೇ ಇಡ್ರಿ. ನಗ್ರಿ ಒಂದೀಟು.” ಫೋಟೋದವನು ನಾಲ್ಕು ಸಲ ಹೊಡೆದ. ನಾನು ನಕ್ಕೆ. ಆ ನಗುವಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅತಿಥಿಗಳಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಳು. ಎಲ್ಲರೂ ನವಿಲಿನ ಕೀಲಿಗೊಂಚಲು ನೋಡಿ ಭಲೇ ಭಲೇ ಎನ್ನುತ್ತಿದ್ದಾಗ ಆಕೆ ನನ್ನ ಹತ್ತಿರ ಬಂದು, “ನೀವು ಏನೇನು ಮಾಡಿದ್ರಿ ಇದರಾಗ?” ಎಂದು ಕೇಳಿದಳು.

“ಏನೂ ಮಾಡಿಲ್ರಿ,” ಎಂದೆ. “ಆರು ವಾರದಾಗ ಇವತ್ತೇ ಮೊದಲನೇ ಸಲ ಈ ಗುಂಡಿ ಮ್ಯಾಲ ಬಳ್ಳಿಟ್ಟೀನಿ. ಅದೂ ಒತ್ತಬ್ಯಾಡ ಅಂದಾರ. ದಿನಾ ಇಲ್ಲಿ ಹಗ್ಗ ಇರ್ತದ, ಇವತ್ತು ನಿಮ್ಮ ಸಲುವಾಗಿ ಬಿಚ್ಯಾರ. ಬೇಕಾದ್ರ ಆ ಕಪಾಟಿನ ಹಿಂದ ನೋಡ್ರಿ, ಸುತ್ತಿಟ್ಟಾರ.”

ತರಬೇತುದಾರನ ಮುಖ ಬಿಳಚಿಕೊಂಡಿತು. ಆಕೆ ನಿಜವಾಗಿಯೂ ಕಪಾಟಿನ ಹಿಂದೆ ಹೋಗಿ ನೋಡಿ ಬಂದಳು. ಬೈಯಲಿಲ್ಲ, ಭಾಷಣ ಮಾಡಲಿಲ್ಲ. “ಇವರಿಗೆ ಮಾಡಾಕ ಬಿಡ್ರಲ್ಲ,” ಎಂದಳು, ಅಷ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಪೂಜಾರಿಯೂ ಎಲ್ಲರಿಗೂ ಕೊಡಲಿಲ್ಲ. ಹಗ್ಗ ಮರುವಾರ ಮತ್ತೆ ಬಂತು. ನನ್ನೊಬ್ಬಳಿಗೆ ಮಾತ್ರ, ಬಾಯಿ ಮುಚ್ಚಿಸಲೆಂದು, ತರಬೇತಿ ಮುಗಿದ ಮೇಲೆ ಒಂದು ತಾಸು ಯಂತ್ರ ಸಿಕ್ಕಿತು. ಉಳಿದ ಹನ್ನೊಂದು ಮಂದಿ ನನಗೆ ಶಾಪ ಹಾಕಿದರೋ ಹರಸಿದರೋ ಗೊತ್ತಿಲ್ಲ. ಅವರಿಗಾಗಿಯೂ ನಾನು ಆವತ್ತೇ ಇನ್ನಷ್ಟು ಕೂಗಾಡಬೇಕಿತ್ತು. ನನ್ನ ತಾಸು ಸಿಕ್ಕಿತು ಎಂದು ಸುಮ್ಮನಾದೆ.

ಕಲಿಯಲು ಎಷ್ಟು ಕಷ್ಟವಿತ್ತು ಎಂದು ಕೇಳಿ. ಏನೂ ಇರಲಿಲ್ಲ! ಕಂಪ್ಯೂಟರಿನ ಮೌಸು ಎರಡು ದಿನ ಕೈಯಲ್ಲಿ ಜಾರಿತು, ಮೂರನೆಯ ದಿನ ಸುಣ್ಣದ ತುಂಡಿನಂತೆ ಕುಳಿತುಕೊಂಡಿತು. ಗೆರೆ ಎಳೆಯುವುದು, ತಿರುವು ಬಾಗಿಸುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಲಗೆ ಇಡು, ಮುಚ್ಚಳ ಹಾಕು, ಹೊಗೆ ಎಳೆಯುವ ಫ್ಯಾನು ಹಚ್ಚು, ಗುಂಡಿ ಒತ್ತು, ಮುಗಿಯುವವರೆಗೆ ಯಂತ್ರ ಬಿಟ್ಟು ಕದಲಬೇಡ. ಮೊದಲ ಸಲ ಆ ಸಣ್ಣ ಬೆಳಕು ನಾನು ಎಳೆದ ಗೆರೆಯ ಮೇಲೆಯೇ ನಡೆದುಕೊಂಡು ಹೋಗುವುದನ್ನು ನೋಡಿದಾಗ ಮೈ ಜುಮ್ಮೆಂದಿತು. ಅದರ ಹಿಂದೆಯೇ ಸಿಟ್ಟು ಬಂತು. ಇಷ್ಟಕ್ಕಾಗಿ ಆರು ವಾರ ಹಗ್ಗದ ಈಚೆ ಕೂರಿಸಿದ್ದರೇ?

ಹಿಡಿಕೆಯ ರೂಪ ನನ್ನ ತಲೆಯಲ್ಲಿ ಸಿದ್ಧವಿತ್ತು. ಅಕ್ಕನ ಅಂಗೈಯನ್ನು ನೀರಿನಲ್ಲಿ ಅದ್ದಿಸಿ ಪೇಪರಿನ ಮೇಲೆ ಒತ್ತಿಸಿಕೊಂಡು ಬಂದಿದ್ದೆ. ಪ್ಲೈವುಡ್ಡಿನ ಆರು ಪದರ ಕತ್ತರಿಸಿ ಒಂದರ ಮೇಲೊಂದು ಅಂಟಿಸಬೇಕು. ಕೆಳಗೆ ಒಂದು ತೂತು, ಅದರಲ್ಲಿ ಕತ್ತರಿಯ ಮೇಲಿನ ಉಂಗುರ ಗಟ್ಟಿಯಾಗಿ ಕೂರಬೇಕು. ಮೇಲೆ ತಗ್ಗು, ಅದರಲ್ಲಿ ಅಂಗೈಯ ಬುಡ ಕೂರಬೇಕು, ಅದನ್ನು ಒಂದು ಪಟ್ಟಿಯಿಂದ ಬಿಗಿಯಬೇಕು. ಎರಡು ಉಂಗುರಗಳ ನಡುವೆ ಸೈಕಲ್ ಬ್ರೇಕಿನ ಸ್ಪ್ರಿಂಗು. ಅಂಗೈಯಿಂದ ಒತ್ತಿದರೆ ಕತ್ತರಿ ಮುಚ್ಚುತ್ತದೆ, ಬಿಟ್ಟರೆ ಸ್ಪ್ರಿಂಗು ತೆರೆಯುತ್ತದೆ. ಹೆಬ್ಬೆರಳಿನ ಹಂಗಿಲ್ಲ.

ಆರು ಪದರ ಕತ್ತರಿಸಿ, ಅಂಟಿಸಿ, ಮರಳುಕಾಗದದಿಂದ ತಿಕ್ಕಿ, ಬೀಗುತ್ತ ಮಾನ್ವಿಯ ಬಸ್ಸು ಹತ್ತಿ ಕುರ್ಡಿಗೆ ಹೋದೆ. ಅಕ್ಕ ಟ್ರಂಕಿನಿಂದ ಕತ್ತರಿ ತೆಗೆದಳು. ಹಿಡಿಕೆಯ ತೂತಿಗೆ ಉಂಗುರ ಇಳಿಯಲೇ ಇಲ್ಲ. ತಗ್ಗಿನಲ್ಲಿ ಅಂಗೈ ಇಡಿಸಿದರೆ ಹಿಡಿಕೆಯ ಅಂಚುಗಳು ಎರಡೂ ಕಡೆ ಹೊರಗೆ ಚಾಚಿಕೊಂಡು ಅವಳ ಮಣಿಕಟ್ಟಿಗೆ ಚುಚ್ಚುತ್ತಿದ್ದವು. ನನಗೆ ಅಳುವೇ ಬಂತು. ಅಳತೆ ಸರಿಯಾಗಿ ತೆಗೆದುಕೊಂಡಿದ್ದೆನಲ್ಲ!

ಅಕ್ಕ ಪೇಪರಿನ ಮೇಲಿನ ತನ್ನ ಕೈಯ ಗುರುತನ್ನೂ ಹಿಡಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

“ಲೇ, ಕಟ್ಟಿಗಿಗೆ ಹೊಲಿಗಿ ಹಾಕಾಕಿ ಏನ ನೀ? ಸುತ್ತ ಅರ್ಧ ಇಂಚು ಯಾಕ ಬಿಟ್ಟಿ?”

ನೋಡಿದೆ. ಬಿಟ್ಟಿದ್ದೆ. ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕೈ, ನನ್ನನ್ನು ಕೇಳದೆಯೇ, ಎಲ್ಲ ಗೆರೆಗಳ ಹೊರಗೆ ಹೊಲಿಗೆಗೆಂದು ಅರ್ಧ ಇಂಚು ಬಿಟ್ಟಿತ್ತು. ಕೊರಳಿನ ತೂತನ್ನು ಹೊಲಿಗೆಗಾಗಿ ಚಿಕ್ಕದಾಗಿ ಕತ್ತರಿಸುವಂತೆ ಉಂಗುರದ ತೂತನ್ನೂ ಚಿಕ್ಕದು ಮಾಡಿತ್ತು. ಮಡಚಿ ಹೊಲಿಯಲು ಕಟ್ಟಿಗೆ ಮಡಚುತ್ತದೆಯೇ? ನಾನೂ ನಕ್ಕೆ. ಆ ಮನೆಯಲ್ಲಿ ಎರಡು ವರ್ಷದಿಂದ ಅಷ್ಟು ಜೋರಾಗಿ ಯಾರೂ ನಕ್ಕಿರಲಿಲ್ಲ.

ನಗು ಮುಗಿದ ಮೇಲೆ ಅಕ್ಕ ಹಿಡಿಕೆಯ ಅಂಚನ್ನು ಬೆರಳಿನಿಂದ ಸವರಿದಳು. ಬೆರಳು ಕಪ್ಪಾಯಿತು. “ಇಲ್ಲಿ ನೋಡು, ಮಸಿ. ಬೆಂಕಿ ಗೆರಿ ಮ್ಯಾಲ ನಡೀತದಲ್ಲ, ನಡಿಯೂ ಮುಂದ ಒಂಚೂರು ಕಟ್ಟಿಗಿ ತಿಂದಿರ್ತದ. ಎಷ್ಟು ತಿಂತದ ಅದು?”

“ಗೊತ್ತಿಲ್ಲಕ್ಕ.”

“ತಿಳಕೊಂಡು ಬಾ. ಅರ್ಧ ಇಂಚು ಬಿಡಬ್ಯಾಡ, ಬಿಡದನೂ ಇರಬ್ಯಾಡ. ಬೆಂಕಿ ತಿನ್ನೂದಷ್ಟ ಬಿಡು.”

ಆ ಯಂತ್ರವನ್ನು ಅವಳು ಕಣ್ಣಿನಿಂದ ನೋಡಿರಲಿಲ್ಲ. ಒಂದು ಸುಟ್ಟ ಅಂಚು ಸವರಿ ಹೇಳಿದ್ದಳು.

ಮುಂದಿನ ಶನಿವಾರ ಹಲಗೆಯ ಒಂದು ಪಟ್ಟಿಯನ್ನು ಹತ್ತು ತುಂಡು ಮಾಡಿ, ತುಂಡುಗಳನ್ನು ಮತ್ತೆ ಒತ್ತಿ ಜೋಡಿಸಿ ಅಳೆದೆ. ಪಟ್ಟಿ ಗಿಡ್ಡವಾಗಿತ್ತು. ಗಿಡ್ಡವಾದಷ್ಟನ್ನು ಕಡಿತಗಳಿಗೆ ಹಂಚಿದಾಗ ಬೆಂಕಿಯ ತುತ್ತು ಎಷ್ಟು ಎಂದು ಸಿಕ್ಕಿತು. ಎರಡು ಕೂದಲೆಳೆಯಷ್ಟು. ಅದನ್ನು ಗೆರೆಗೆ ಸೇರಿಸಿ ಕತ್ತರಿಸಿದೆ. ಉಂಗುರದ ಗಾತ್ರಕ್ಕೆ ಮಾಡಿಕೊಂಡು ಹೋಗಿದ್ದ ತಂತಿಯ ಬಳೆ ತೂತಿನಲ್ಲಿ ಟಕ್ ಎಂದು ಕುಳಿತಿತು. ಅಲುಗಾಡಿಸಿದರೂ ಅಲುಗಲಿಲ್ಲ. ತರಬೇತುದಾರ ಬಂದು ನೋಡಿದ. ಅವನು ಮಾಡಿದ ಡಬ್ಬಿಗಳ ಮೂಲೆಗಳೆಲ್ಲ ಗಡಗಡ ಅಲ್ಲಾಡುತ್ತಿದ್ದವು, ಅಂಟು ಸುರಿದು ನಿಲ್ಲಿಸುತ್ತಿದ್ದ.

“ಎಷ್ಟು ಬಿಟ್ಟೀರಿ ಅಕ್ಕಾರ?” ಎಂದ. ಹೇಳಿಕೊಟ್ಟೆ. ಪುಸ್ತಕದಲ್ಲಿ ಅದಕ್ಕೊಂದು ಹೆಸರಿದೆಯಂತೆ, ಅವನಿಗೆ ಆ ಹೆಸರು ಗೊತ್ತಿತ್ತು. ಅಳತೆ ಮಾತ್ರ ಒಮ್ಮೆಯೂ ತೆಗೆದಿರಲಿಲ್ಲ. ಮರುವಾರ ಬೋರ್ಡಿನ ಮೇಲೆ ಹತ್ತು ತುಂಡಿನ ಚಿತ್ರ ಬರೆದು, “ಇದು ನಾ ಮಾಡಿಕೊಂಡ ಸರಳ ದಾರಿ” ಎಂದು ಹಗ್ಗದ ಈಚೆಯ ಹೆಂಗಸರಿಗೆ ಪಾಠ ಮಾಡಿದ. ನಾನು ಮೊದಲ ಸಾಲಿನಲ್ಲಿಯೇ ಕುಳಿತಿದ್ದೆ. ನನ್ನ ಮುಖ ನೋಡದೆ ಪೂರ್ತಿ ಪಾಠ ಮುಗಿಸಿದ.

ಕೊನೆಯ ಶನಿವಾರದ ಹಿಂದಿನ ವಾರ ಅಕ್ಕನ ಕತ್ತರಿಯನ್ನು ತೆಗೆದುಕೊಂಡು ಹೋಗಿ ಹಿಡಿಕೆ ಕೂರಿಸಿದೆ. ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನ ಅಂಗಡಿಯಿಂದ ತಂದ ಎರಡು ಸಣ್ಣ ಬೋಲ್ಟು ಬಿಗಿದು, ವಾರ್ನಿಷು ಬಳಿದು, ಒಣಗಲೆಂದು ಅಲ್ಲಿಯೇ ಬಿಟ್ಟು ಬಂದೆ. ಅಕ್ಕನಿಗೆ ಹೇಳಿದೆ, ಬರುವ ಶನಿವಾರ ನೀನೇ ರಾಯಚೂರಿಗೆ ಬಾ, ಅಲ್ಲಿಯೇ ಹಾಕಿ ನೋಡೋಣ, ಹೆಚ್ಚುಕಡಿಮೆ ಇದ್ದರೆ ಯಂತ್ರ ಕೈಯಳತೆಯಲ್ಲೇ ಇರುತ್ತದೆ. ಅವಳು ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಬಲಗೈ ಸೆರಗಿನೊಳಗೆ ಇತ್ತು. ಎರಡು ವರ್ಷದಿಂದ ಅವಳು ಮನೆಯಿಂದ ಹೊರಗೆ ಬಂದರೆ ಅದು ಸೆರಗಿನೊಳಗೇ ಇರುತ್ತಿತ್ತು.

ಅವತ್ತು ಸರ್ಟಿಫಿಕೇಟಿನ ಸಮಾರಂಭ. ಗೋಡೆಯ ತುಂಬ ಒಂದು ಫ್ಲೆಕ್ಸ್ ಬ್ಯಾನರು. ಅದರಲ್ಲಿ ಆಳೆತ್ತರದ ನಾನು, ಕನ್ನಡಕ ಹಾಕಿಕೊಂಡು, ಒತ್ತದ ಗುಂಡಿಯ ಮೇಲೆ ಬೆರಳಿಟ್ಟು, ಹಲ್ಲು ಕಿರಿಯುತ್ತಿದ್ದೆ. ನನ್ನ ತಲೆಯ ಮೇಲೆ ‘ಕೈಯಾರೆ ಮಾಡಿ ಕಲಿತ ಮಹಿಳೆಯರು’ ಎಂದು ಬರೆದಿತ್ತು. ಹನ್ನೆರಡು ಮಂದಿಗೂ ಸರ್ಟಿಫಿಕೇಟು ಕೊಟ್ಟರು. ಹನ್ನೊಂದು ಮಂದಿ ಮೂರು ತಿಂಗಳಲ್ಲಿ ಮುಟ್ಟಿದ್ದು ಒಂದು ನವಿಲನ್ನು. ಭಾಷಣದಲ್ಲಿ ತರಬೇತುದಾರ ‘ನಮ್ಮ ಕೇಂದ್ರ ತಯಾರಿಸಿದ ವಿಶೇಷ ಉಪಕರಣ’ ಎಂದು ವೇದಿಕೆಯ ಪಕ್ಕದ ಮೇಜಿನ ಕಡೆ ಕೈ ತೋರಿಸಿದ. ಅಲ್ಲಿ ಒಂದು ಗಾಜಿನ ಹಲಗೆಯ ಮೇಲೆ ಅಕ್ಕನ ಕತ್ತರಿ ಇತ್ತು. ಚಪ್ಪಾಳೆ ಬಿತ್ತು.

ಅತಿಥಿಗಳು ಚಹಾಕ್ಕೆ ಎದ್ದಾಗ ನಾನು ಅಕ್ಕನನ್ನು ಮೇಜಿನ ಹತ್ತಿರ ಕರೆದುಕೊಂಡು ಹೋದೆ. ಅವಳು ಸೆರಗಿನಿಂದ ಬಲಗೈ ತೆಗೆದು ಕತ್ತರಿಯ ಕಡೆ ಚಾಚಿದಳು.

“ಅಕ್ಕಾರ, ಮುಟ್ಟಬ್ಯಾಡ್ರಿ,” ಎಂದು ತರಬೇತುದಾರ ಹಿಂದಿನಿಂದ ಓಡಿ ಬಂದ. “ಪ್ರದರ್ಶನಕ್ಕ ಇಟ್ಟದ್ದು.” ನೋಡಿದರೆ ಕತ್ತರಿಯ ಮುಂದೆ ಒಂದು ಚೀಟಿಯೂ ಇತ್ತು. ಅದೇ ಕೈಬರಹ, ಅದೇ ದಯವಿಟ್ಟು.

ಅಕ್ಕನ ಕೈ ಅರ್ಧದಲ್ಲಿಯೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೋಗಿ ಸೆರಗಿನೊಳಗೆ ಸೇರಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಮೂವತ್ತು ವರ್ಷದ ಹಿಂದಿನ ಆ ಟೇಲರಿನ ಮೆಟ್ಟಿಲು ಅವಳ ಕಾಲ ಕೆಳಗೆ ಮತ್ತೆ ಬಂದಂತಿತ್ತು. ತರಬೇತುದಾರ ಮುಟ್ಟಬೇಡಿ ಎಂದದ್ದನ್ನಾದರೂ ಕ್ಷಮಿಸಬಹುದು. ನನ್ನ ಅಕ್ಕ ಅದನ್ನು ಕೇಳಿದ ಕೂಡಲೆ ಹಿಂದೆ ಸರಿದಳಲ್ಲ, ಅದನ್ನು ಅವಳಿಗೆ ಕಲಿಸಿದ ಯಾರನ್ನೂ ನಾನು ಕ್ಷಮಿಸಲಾರೆ.

“ಅದು ಆಕಿ ಕತ್ತರಿ ರೀ!” ಎಂದೆ. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿದರು.

“ಕತ್ತರಿ ಅವರ್ದು, ಹಿಡಿಕಿ ಕೇಂದ್ರದ್ರಿ ಅಕ್ಕಾರ. ಮುಂದಿನ ತಿಂಗಳ ಮತ್ತ ಮಂದಿ ನೋಡಾಕ ಬರ್ತಾರ. ಇದಿಲ್ಲೇ ಇರ್ಲಿ, ಅವರಿಗೆ ಇನ್ನೊಂದು ಮಾಡಿ ಕೊಡೂಣಂತ.”

ನಾನು ಆ ಚೀಟಿಯನ್ನು ಹರಿದೆ. ಅಕ್ಕನ ಕೈಯನ್ನು ಸೆರಗಿನಿಂದ ನಾನೇ ಎಳೆದು, ಅಂಗೈಯನ್ನು ಹಿಡಿಕೆಯ ತಗ್ಗಿನಲ್ಲಿ ಇಟ್ಟು, ಪಟ್ಟಿ ಬಿಗಿದೆ. ನಾಲ್ಕು ಬೆರಳು ಕೆಳಗಿನ ಉಂಗುರದೊಳಗೆ ತಾವಾಗಿಯೇ ಹೋದವು. ಸುತ್ತ ಜನ ಸೇರಿದರು, ಮೊಬೈಲುಗಳು ಮೇಲೆದ್ದವು. ತರಬೇತುದಾರನೂ ಗೆದ್ದವರ ಕಡೆ ವಾಲಿ, “ಆಡಸ್ರಿ, ಆಡಸಿ ತೋರಸ್ರಿ, ವಿಡಿಯೋ ಮಾಡೂಣ” ಎಂದ.

ಅಕ್ಕ ಕತ್ತರಿಯನ್ನು ಅಲ್ಲಾಡಿಸಲಿಲ್ಲ. “ಬರೀ ಕತ್ತರಿ ಆಡಸಬಾರದಪಾ, ಜಗಳ ಬರ್ತದ,” ಎಂದಳು. “ಕತ್ತರಸಾಕ ಏನಾರ ಕೊಡ್ರಿ.”

ಕೆಲವರು ನಕ್ಕರು. ನಾನು ಸುತ್ತ ನೋಡಿದೆ. ನಮ್ಮ ಯಾರ ಕೈಯಲ್ಲೂ ಬಟ್ಟೆ ಇರಲಿಲ್ಲ. ನಾನು ಕುರ್ಚಿ ಎಳೆದು, ಹತ್ತಿ, ಬ್ಯಾನರಿನ ಎರಡು ಮೂಲೆಯ ದಾರ ಬಿಚ್ಚಿದೆ. ಕಸ ಗುಡಿಸುವ ಮುದುಕಿ ಆ ಕಡೆಯ ದಾರ ಬಿಚ್ಚಿದಳು. ಬ್ಯಾನರು ದೊಪ್ಪನೆ ಬಿತ್ತು. ಅದನ್ನು ಮೇಜಿನ ಮೇಲೆ ಹಾಸಿ, “ಇದನ್ನ ಕತ್ತರಸಕ್ಕ” ಎಂದೆ.

ಅಕ್ಕ ಕತ್ತರಿಯನ್ನು ಕಣ್ಣಿಗೊತ್ತಿಕೊಂಡಳು. ಮೊದಲ ಕಡಿತ ಓರೆಯಾಯಿತು. ಎರಡನೆಯದಕ್ಕೆ ಸ್ಪ್ರಿಂಗಿನ ಒತ್ತು ಅವಳ ಕೈಗೆ ಗೊತ್ತಾಯಿತು. ಮೂರನೆಯದರಿಂದ ಕತ್ತರಿ ನಿಲ್ಲಲಿಲ್ಲ. ಸುಣ್ಣವಿಲ್ಲ, ಗೆರೆಯಿಲ್ಲ, ನನ್ನ ನಗುವ ಮುಖದ ಪಕ್ಕದಿಂದ ಹೊರಟು, ಭುಜದ ಮೇಲೆ ಹಾದು, ಕಂಕುಳಲ್ಲಿ ಬಾಗಿ, ಗುಂಡಿಯ ಮೇಲಿಟ್ಟ ಬೆರಳನ್ನು ಆ ಕಡೆ ಬಿಟ್ಟು ಕೆಳಗಿಳಿಯಿತು. ಆ ಬಾಗಿನಲ್ಲಿ ಎಲ್ಲಿಯೂ ಎಳೆತವಿರಲಿಲ್ಲ.

“ಅಯ್ಯೋ, ಬ್ಯಾನರ್ ಹಾಳಾತಲ್ರಿ,” ಎಂದ ತರಬೇತುದಾರ.

ಅಕ್ಕ ತಲೆ ಎತ್ತಲಿಲ್ಲ. “ಹಾಳ್ಯಾಕ ಆಗ್ತದ ಯಪ್ಪಾ? ಮೂವತ್ನಾಕರ ಬ್ಲೌಸಿನ ಬೆನ್ನಿನ ನಮೂನಿ ಇದು, ನಾಳಿ ಅಂಗಡ್ಯಾಗ ಬೇಕಾಗ್ತದ. ನೀ ಒಂದೀಟು ಹಿಂದಕ್ಕ ಸರಿ, ಬೆಳಕು ಬೀಳವಲ್ದು.”

ಅವನು ಸರಿದು ನಿಂತ.